ಗರ್ಭಗುಡಿಯಲ್ಲಿ ರಶೀದಿ ಪುಸ್ತಕ

ಸಂಪಾದಕರು ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ, "ಕವಿತೆ ಸಾಕಷ್ಟು ಬಂದಿದೆ, ಊರ ನೆನಪು ಬೇಕಾದಷ್ಟಿದೆ, ನೀವು ನಿಮ್ಮ ಕೆಲಸದ ವಿಷಯವನ್ನೇ ಬರೆಯಿರಿ" ಎಂದರು. ನನ್ನ ಕೆಲಸದ ವಿಷಯ ತೆಗೆದರೆ ಊಟಕ್ಕೆ ಕೂತವರೂ ಎದ್ದು ಹೋಗುತ್ತಾರೆ. ಆದರೂ ಒಂದು ಸಂಗತಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ನನ್ನ ಮನಸ್ಸಿನಲ್ಲಿ ಕೂತಿದೆ. ಅದನ್ನು ಹೇಳಬೇಕಾದರೆ ಕೆಲಸವನ್ನೂ ಸ್ವಲ್ಪ ಹೇಳಲೇಬೇಕು. ಸಹಿಸಿಕೊಳ್ಳಬೇಕಾಗಿ ವಿನಂತಿ.

ನಾನು ಇನ್ಸ್ಟ್ರುಮೆಂಟ್ ವಿಭಾಗದವನು. ಮಂಗಳೂರಿನ ಕದ್ರಿ ಗುಡ್ಡದ ಪಾಲಿಟೆಕ್ನಿಕ್ಕಿನಲ್ಲಿ ಕಲಿತು, ಎರಡು ವರ್ಷ ಮುಂಬಯಿಯಲ್ಲಿ ಬೆವರಿಳಿಸಿ, ಆಮೇಲೆ ಇಲ್ಲಿಗೆ ಬಂದವನು. ಈ ದ್ವೀಪದಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು, 1971ರಲ್ಲಿ ಅಲ್ಯುಮಿನಿಯಂ ಕರಗಿಸುವುದು ಶುರುವಾಯಿತು, ಕುಡಿಯುವ ನೀರಿಗಾಗಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳು ಬಂದವು. ಎಲ್ಲಿ ಕೊಳವೆ ಇದೆಯೋ ಅಲ್ಲಿ ಮೀಟರ್ ಇದೆ. ಎಲ್ಲಿ ಮೀಟರ್ ಇದೆಯೋ ಅಲ್ಲಿ ನಮ್ಮಂಥವನೊಬ್ಬ ಇರುತ್ತಾನೆ. ನಾನಿದ್ದ ಕಾರ್ಖಾನೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಬೇಡ.

2009ರಲ್ಲಿ ಅಲ್ಲೊಂದು ಹಳೆಯ ಕಂಪ್ರೆಸರ್ ಆಗಾಗ ರಗಳೆ ಮಾಡುತ್ತಿತ್ತು. ಅದರ ಬೇರಿಂಗಿನ ಶಾಖ, ಕಂಪನ ಇವನ್ನೆಲ್ಲ ಕಂಟ್ರೋಲ್ ರೂಮಿನ ಪ್ಯಾನೆಲ್ಲು ತೋರಿಸುತ್ತಿದ್ದರೂ ಸೆಕೆಂಡಿಗೊಮ್ಮೆ ಬರೆದಿಡುತ್ತಿರಲಿಲ್ಲ. ಉಗ್ರಾಣದಲ್ಲಿ ಒಂದು ಅಳತೆಯ ಕಾರ್ಡ್ ಧೂಳು ಹಿಡಿದು ಬಿದ್ದಿತ್ತು. ಅದನ್ನೊಂದು ಹಳೆಯ ಕಂಪ್ಯೂಟರಿಗೆ ತುರುಕಿ, ಲಿನಕ್ಸ್ ಹಾಕಿ, ದಾಖಲೆ ಇಡುವ ವ್ಯವಸ್ಥೆ ಮಾಡುತ್ತೇನೆಂದು ನಾನೇ ಮುಂದೆ ಬಿದ್ದು ಹೇಳಿದೆ. ಕಾರ್ಡಿನವರು ಲಿನಕ್ಸಿಗೆ ಬೇಕಾದ ಡ್ರೈವರ್ ಕೊಟ್ಟಿರಲಿಲ್ಲ. ಅದನ್ನೂ ನಾನೇ ಬರೆಯುತ್ತೇನೆಂದೆ. ಆಗ ನನಗೆ ಐವತ್ತರ ಹತ್ತಿರ. ಆ ವಯಸ್ಸಿನಲ್ಲಿ ಕೆಲವರಿಗೆ ತೀರ್ಥಯಾತ್ರೆಯ ಹುಚ್ಚು ಬರುತ್ತದೆ, ನನಗೆ ಕರ್ನಲ್ಲಿನ ಹುಚ್ಚು ಬಂತು.

ಈ ಶಬ್ದ ಮೊದಲ ಸಲ ಮನೆಯಲ್ಲಿ ಕೇಳಿದಾಗ ನಮ್ಮ ಮನೆಯವಳು, "ಯಾವ ಕರ್ನಲ್? ಮಡಿಕೇರಿಯವರಾ?" ಎಂದಳು. ಮಿಲಿಟರಿಯ ಕರ್ನಲ್ ಅಲ್ಲ ಮಾರಾಯ್ತಿ, ಕಾಯಿಯ ಒಳಗಿನ ತಿರುಳು ಎನ್ನುತ್ತಾರಲ್ಲ, ಅದು. ಕಂಪ್ಯೂಟರ್ ಕೆಲಸ ಮಾಡುವಾಗ ಎಲ್ಲಕ್ಕಿಂತ ಒಳಗೆ ಕೂತಿರುವ ಭಾಗ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ತೊರ್ವಾಲ್ಡ್ಸ್ ಇಂಥದೊಂದು ತಿರುಳನ್ನು ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಹಂಚಿದ; ಜನ ತಿದ್ದಿ ತಿದ್ದಿ ಬೆಳೆಸಿದರು. ಇಂದು ನಮ್ಮ ಮನೆಗಳಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗೂ ಅದೇ ಇದೆ.

ನಮ್ಮ ಕಡೆಯ ದೇವಸ್ಥಾನ ನೋಡಿದವರಿಗೆ ಇದು ಸುಲಭ. ಹೊರಗೆ ಅಂಗಣ, ಒಳಗೆ ಸುತ್ತುಪೌಳಿ, ಮತ್ತೂ ಒಳಗೆ ಗರ್ಭಗುಡಿ. ಇಂಟೆಲ್ ಚಿಪ್ಪಿನಲ್ಲಿಯೂ ಹೀಗೆ ಸೊನ್ನೆಯಿಂದ ಮೂರರವರೆಗೆ ನಾಲ್ಕು ಸುತ್ತುಗಳಿವೆ. ಲಿನಕ್ಸ್ ಸಾಮಾನ್ಯವಾಗಿ ಎರಡನ್ನೇ ಬಳಸುತ್ತದೆ: ಸೊನ್ನೆಯಲ್ಲಿ ಕರ್ನಲ್, ಮೂರರಲ್ಲಿ ನಾವು ನೀವು ನಡೆಸುವ ಪ್ರೋಗ್ರಾಮುಗಳು. ಯಂತ್ರವನ್ನು ಮುಟ್ಟುವ ಅಧಿಕಾರ ಒಳಗಿನವನಿಗೆ. ಹೊರಗಿನವರು ಬೇಡಿಕೆ ಸಲ್ಲಿಸಬೇಕು. ಒಳಗಿನವನು ಹೊಸ್ತಿಲ ಮೇಲಿಂದ ತೀರ್ಥ ಕೊಡುತ್ತಾನೆ. ಹೊರಗಿನವನು ಎಡವಿದರೆ ಅವನೊಬ್ಬನೇ ಬೀಳುತ್ತಾನೆ. ಒಳಗಿನವನು ಎಡವಿದರೆ ದೀಪ ಉರುಳಿ ಇಡೀ ಗುಡಿಗೇ ಬೆಂಕಿ.

ಕಾರ್ಡಿನ ನೆನಪನ್ನು ಓದುವುದೇ ಒಂದು ಪುರಾಣ. ಕಾರ್ಡು ತಾನು ಅಳೆದದ್ದನ್ನು ತನ್ನದೇ ಪುಟ್ಟ ಮೆಮೊರಿಯಲ್ಲಿ ಇಟ್ಟಿರುತ್ತದೆ. ಆ ಮೆಮೊರಿಗೆ ಒಂದು ವಿಳಾಸ ಉಂಟು. ಕಂಪ್ಯೂಟರ್ ಏಳುವಾಗಲೇ ಪ್ರತಿಯೊಂದು ಕಾರ್ಡಿಗೂ ಇಂತಿಷ್ಟರಿಂದ ಇಂತಿಷ್ಟರವರೆಗೆ ನಿನ್ನದು ಎಂದು ಜಾಗ ಹಂಚಿರುತ್ತಾರೆ. ವಿಳಾಸ ಗೊತ್ತಾಯಿತಲ್ಲ, ನೇರ ಹೋಗಿ ಓದಿದರಾಯಿತು ಎಂದುಕೊಂಡೆ. ಹಾಗೆ ಮಾಡಿದ ಕೂಡಲೇ ಯಂತ್ರ ಬಿದ್ದುಹೋಯಿತು. ಕಾರಣವೇನೆಂದರೆ ಕರ್ನಲ್ ಕೂಡ ನಿಜವಾದ ವಿಳಾಸದಿಂದ ನಡೆಯುವುದಿಲ್ಲ, ತನ್ನದೇ ಒಂದು ನಕ್ಷೆಯಿಂದ ನಡೆಯುತ್ತದೆ. ಗುದೈಬಿಯಾದಲ್ಲಿ ನಾವು "ಮಲಬಾರಿ ಅಂಗಡಿಯ ಹಿಂದಿನ ಗಲ್ಲಿ" ಎಂದು ಹೇಳುವುದಕ್ಕೂ ಮುನಿಸಿಪಾಲಿಟಿಯ ಬ್ಲಾಕ್ ನಂಬರಿಗೂ ಇರುವ ವ್ಯತ್ಯಾಸ ಇದೇ. ಮೊದಲು ಆ ಜಾಗವನ್ನು ಕರ್ನಲ್ಲಿನ ನಕ್ಷೆಯಲ್ಲಿ ಸೇರಿಸಿಕೊಡು ಎಂದು ಕೇಳಬೇಕು, ಐಓರೀಮ್ಯಾಪ್ ಎಂಬ ಕರೆಯ ಮೂಲಕ. ಅದು ಕೊಡುವ ಹೊಸ ವಿಳಾಸವನ್ನೂ ನೇರವಾಗಿ ಮುಟ್ಟದೆ, ಅದಕ್ಕೆಂದೇ ಇರುವ ರೀಡ್‌ಎಲ್ ಮೊದಲಾದ ಕರೆಗಳಿಂದ ಓದಬೇಕು. ಇಲ್ಲವಾದರೆ ಭಾಷಾಂತರ ಮಾಡುವ ಕಂಪೈಲರು, "ಈಗಷ್ಟೇ ಓದಿದ್ದೀಯಲ್ಲ, ಮತ್ತೇಕೆ?" ಎಂದು ಎರಡನೆಯ ಓದನ್ನು ತಾನಾಗಿಯೇ ಹೊಡೆದುಹಾಕಬಹುದು. ಸಾಮಾನ್ಯ ಮೆಮೊರಿಯಲ್ಲಿ ಅದು ಜಾಣತನ. ಆದರೆ ಕಾರ್ಡಿನಲ್ಲಿ ನಿಮಿಷದ ಹಿಂದಿನ ಶಾಖ ಬೇರೆ, ಈಗಿನ ಶಾಖ ಬೇರೆ.

ಓದಿದರೆ ಅಳಿದುಹೋಗುವ ಅಕ್ಷರಗಳೂ ಉಂಟು. ಹಲವು ಕಾರ್ಡುಗಳಲ್ಲಿ ಸ್ಥಿತಿಯನ್ನು ಹೇಳುವ ಕೋಣೆಯೊಂದಿರುತ್ತದೆ. ಒಮ್ಮೆ ಇಣುಕಿದರೆ ಅದು ತಾನಾಗಿ ಸೊನ್ನೆಯಾಗುತ್ತದೆ. ಏನಿದೆ ನೋಡೋಣವೆಂದು ನಾನು ಕುತೂಹಲದಿಂದ ಇಣುಕಿದ್ದರಿಂದಲೇ ಎರಡು ದಿನ ಅಳತೆ ತಪ್ಪಿತು.

ಇನ್ನೊಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಮೊದಲ ಸಲ ಸಂಖ್ಯೆ ಬಂದಾಗ ಎ.ಸಿ. ಕೋಣೆಯ ಶಾಖ 6400 ಡಿಗ್ರಿ ಎಂದು ತೋರಿಸಿತು. ಬಹರೈನಿನ ಆಗಸ್ಟಿನಲ್ಲೂ ಅಷ್ಟಿಲ್ಲ! ನೋಡಿದರೆ ಕಾರ್ಡು ದೊಡ್ಡ ಬೈಟನ್ನು ಮೊದಲು ಇಡುತ್ತಿತ್ತು, ಕಂಪ್ಯೂಟರ್ ಚಿಕ್ಕದನ್ನು ಮೊದಲು ನಿರೀಕ್ಷಿಸುತ್ತಿತ್ತು. 25 ಎಂಬುದು ತಿರುಗಿ, 256ರಿಂದ ಗುಣಿಸಿದಂತಾಗಿ, 6400 ಆಗಿತ್ತು. ಸೂಕಿನಲ್ಲಿ ವ್ಯಾಪಾರ ಮಾಡಿದವರಿಗೆ ಇದು ಹೊಸತಲ್ಲ. ನಾವು ಇಪ್ಪತ್ತು ಮೊದಲು, ಐದು ಆಮೇಲೆ ಹೇಳುತ್ತೇವೆ. ಅರಬರು ಖಮ್ಸಾ ಮೊದಲು, ಇಶ್ರೀನ್ ಆಮೇಲೆ. ಹೊಸದಾಗಿ ಬಂದಾಗ ನಾನು ಎಷ್ಟು ಸಲ ಚಿಲ್ಲರೆ ತಪ್ಪು ಎಣಿಸಿಕೊಟ್ಟಿದ್ದೇನೋ.

ಅಂತೂ ಓದುವುದು ಸರಿಯಾಯಿತು. ಓದಿದ್ದನ್ನು ಬರೆದಿಡಬೇಕಲ್ಲ? ಇಲ್ಲಿಯೇ ನಾನು ತಪ್ಪಿದ್ದು.

ಸರಿಯಾದ ಕ್ರಮವೆಂದರೆ ಒಳಗಿನ ಡ್ರೈವರ್ ಓದಿಕೊಡಬೇಕು, ಹೊರಗಿನ ಸಣ್ಣ ಪ್ರೋಗ್ರಾಮೊಂದು ಅದನ್ನು ಪಡೆದು ಫೈಲಿಗೆ ಬರೆಯಬೇಕು. ಎರಡು ಪ್ರೋಗ್ರಾಮು, ಎರಡು ಕೆಲಸ. ನನಗೆ ಅದು ದಂಡವೆನಿಸಿತು. ಒಳಗೇ ಇದ್ದೇನಲ್ಲ, ಇಲ್ಲಿಂದಲೇ ಫೈಲು ತೆರೆದು ಬರೆದುಬಿಟ್ಟರೆ ಮುಗಿಯಿತಲ್ಲ? ಹಾಗೆ ಮಾಡಬೇಡಿ ಎಂದು ಬಲ್ಲವರು ಹೇಳಿದ್ದರು. ಲಿನಕ್ಸಿನ ಹಿರಿಯರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ 2005ರಲ್ಲಿ ಲಿನಕ್ಸ್ ಜರ್ನಲ್ ಪತ್ರಿಕೆಯಲ್ಲಿ, ಕರ್ನಲ್ಲಿನ ಒಳಗೆ ಎಂದೂ ಮಾಡಬಾರದ ಕೆಲಸಗಳೆಂದು ಒಂದು ಲೇಖನವನ್ನೇ ಬರೆದಿದ್ದರು. ಅದರಲ್ಲಿ ಹೇಳಿದ್ದು ಇದೇ, ಫೈಲು ಓದುವುದು ಬರೆಯುವುದು. ನಾನು ಅದನ್ನು ಓದಿದ್ದೆ. ಓದಿಯೂ, ಇದು ಎಳೆಯರಿಗೆ ಹೇಳಿದ್ದು, ನನಗಲ್ಲ ಎಂದುಕೊಂಡೆ.

ಕರ್ನಲ್ಲೂ ತಡೆದು ನೋಡಿತು. ಮೊದಲು ಟೈಮರಿನ ಒಳಗಿಂದಲೇ ಬರೆಯಲು ಹೋದೆ. ಡಿಸ್ಕು ನಿಧಾನ, ಬರೆಯುವವನು ಕಾಯಬೇಕು, ಕಾಯುವುದೆಂದರೆ ಕರ್ನಲ್ಲಿನ ಭಾಷೆಯಲ್ಲಿ ನಿದ್ದೆ. ಟೈಮರ್ ಓಡುವಾಗ ನಿದ್ದೆ ಮಾಡುವಂತಿಲ್ಲ. ಅಭಿಷೇಕದ ಕೊಡ ಬಗ್ಗಿಸಿ ಹಿಡಿದವನು ತೂಕಡಿಸಿದ ಹಾಗೆ. ಯಂತ್ರ ಪರದೆಯ ತುಂಬ ಬೈದು ನಿಂತಿತು. ಬರೆಯುವ ಕೆಲಸವನ್ನು ನಿದ್ದೆ ಮಾಡಬಹುದಾದ ಸರದಿಗೆ ವರ್ಗಾಯಿಸಿದೆ. ಆಗ ಇನ್ನೊಂದು ಅಡ್ಡಿ. ಬರೆಯುವ ಕರೆ, ತನಗೆ ಕೊಟ್ಟ ವಿಳಾಸ ಹೊರಗಿನ ಪ್ರೋಗ್ರಾಮಿನದೇ ಎಂದು ಪರೀಕ್ಷಿಸುತ್ತದೆ; ಒಳಗಿನ ವಿಳಾಸ ಕೊಟ್ಟರೆ ತಿರಸ್ಕರಿಸುತ್ತದೆ. ಅದಕ್ಕೂ ಆಗ ಒಂದು ಮದ್ದಿತ್ತು, ಸೆಟ್‌ಎಫ್‌ಎಸ್ ಎಂದು. ಒಂದು ಗಳಿಗೆ ದ್ವಾರಪಾಲಕನ ಕಣ್ಣಿಗೆ ಬಟ್ಟೆ ಕಟ್ಟುವ ವಿದ್ಯೆ. ಕಟ್ಟಿದೆ. ಸೆಕೆಂಡಿಗೊಂದು ಸಾಲಿನಂತೆ ಫೈಲು ಬೆಳೆಯತೊಡಗಿತು, ದಿನಕ್ಕೆ ಸುಮಾರು 6 ಎಂ.ಬಿ. ಆರು ತಿಂಗಳು ಸರಾಗ ನಡೆಯಿತು. ಪ್ರತಿ ಗುರುವಾರ ಅದನ್ನು ನಕಲು ಮಾಡಿಕೊಂಡು ಬರುವುದು ನನ್ನ ಕೆಲಸ. ಮೇಲಧಿಕಾರಿಗಳು ಬೆನ್ನು ತಟ್ಟಿದರು. ನನಗೂ ಸ್ವಲ್ಪ ಕೊಂಬು ಬಂದಿದ್ದಿರಬೇಕು.

ಮರು ವರ್ಷದ ಜುಲೈಯಲ್ಲಿ ಅಪ್ಪನ ವರ್ಷಾಂತಿಕಕ್ಕೆಂದು ಊರಿಗೆ ಹೋದೆ. ನಾನು ಹೋದ ಮೇಲೆ ಒಂದು ರಾತ್ರಿ ಕರೆಂಟು ಹೋಗಿ ಬಂತು. ರಾತ್ರಿ ಪಾಳಿಯಲ್ಲಿದ್ದವನು ನಮ್ಮ ಕುಂದಾಪುರ ಕಡೆಯ ಹುಡುಗ. ಕಂಪ್ಯೂಟರನ್ನು ಮತ್ತೆ ಹಚ್ಚಿದ. ಹನ್ನೊಂದು ದಿನದ ಮೇಲೆ ಕಂಪ್ರೆಸರಿನ ಬೇರಿಂಗ್ ಹಿಡಿದುಕೊಂಡಿತು. ದಾಖಲೆ ನೋಡೋಣವೆಂದರೆ ಹನ್ನೊಂದು ದಿನದ್ದೂ ಇಲ್ಲ. ಕರೆಂಟು ಹೋದ ಕ್ಷಣಕ್ಕೆ ಕೊನೆಯ ಸಾಲು, ಆಮೇಲೆ ಖಾಲಿ.

ನಾನು ರಜೆಯಿಂದ ಬರುವಷ್ಟರಲ್ಲಿ ಹುಡುಗನ ಕೈಗೆ ಮೆಮೋ ಬಂದಿತ್ತು. ದಾಖಲೆಯ ಯಂತ್ರವನ್ನು ಸರಿಯಾಗಿ ಹಚ್ಚಲಿಲ್ಲ, ಅಥವಾ ಹಚ್ಚಿ ನಿಲ್ಲಿಸಿದ್ದಾನೆ, ಭಾನುವಾರ ಬೆಳಗ್ಗೆ ವಿಚಾರಣೆ. ಇಲ್ಲಿ ಬಾಳಿದವರಿಗೆ ಅದರ ಅರ್ಥ ನಾನು ಹೇಳಬೇಕಾಗಿಲ್ಲ. ಕೆಲಸ ಹೋದರೆ ವೀಸಾ ಹೋಯಿತು. ಊರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. ಅವನು ನನ್ನ ಹತ್ತಿರ ಬಂದು, "ಅಣ್ಣ, ನಾ ಎಂತ ಮಾಡ್ಲಿಲ್ಲೆ. ನೀವ್ ಬರೆದಿಟ್ಟ ಚೀಟಿ ನೋಡ್ಕಂಡೇ ಹಚ್ಚಿದ್ದೆ" ಎಂದ.

ನಾನು ಏನೆಂದೆ ಗೊತ್ತೆ? "ನೀನೇ ಏನೋ ಒತ್ತಿರಬೇಕು, ನೆನಪು ಮಾಡಿಕೋ" ಎಂದೆ. ನನ್ನ ಪ್ರೋಗ್ರಾಮು ಆರು ತಿಂಗಳು ನಡೆದಿದೆ, ತಪ್ಪು ಅದರದ್ದಾಗಿರಲಾರದು. ಅವನು ಮರುಮಾತಾಡದೆ ಹೋದ. ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಶುಕ್ರವಾರ ರಜಾ ದಿನ. ಮನಸ್ಸು ಕೇಳದೆ ಕಾರ್ಖಾನೆಗೆ ಹೋಗಿ ಕೂತೆ. ಯಾವ ಪ್ರೋಗ್ರಾಮು ಯಾವ ಫೈಲು ತೆರೆದಿದೆ ಎಂದು ಹೇಳುವ ಒಂದು ಉಪಾಯವಿದೆ. ಕೇಳಿದೆ, ಏನೂ ಇಲ್ಲ ಎಂದಿತು. ಇರುವುದಾದರೂ ಹೇಗೆ? ಆ ಪಟ್ಟಿಯಲ್ಲಿ ಬರುವುದು ಪ್ರೋಗ್ರಾಮುಗಳು ತೆರೆದ ಫೈಲುಗಳು. ಗರ್ಭಗುಡಿಯೊಳಗೆ ನಾನು ತೆರೆದಿಟ್ಟದ್ದು ಯಾರ ಲೆಕ್ಕಕ್ಕೂ ಇಲ್ಲ. ಸಂಜೆಯವರೆಗೆ ತಡಕಾಡಿದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ವ್ಯತ್ಯಾಸ. ಮುಖ್ಯ ಡಿಸ್ಕಿನಲ್ಲಿ ಇಷ್ಟು ಜಾಗ ತುಂಬಿದೆ ಎಂದು ಒಂದು ಲೆಕ್ಕ ಹೇಳುತ್ತಿತ್ತು; ಅದರಲ್ಲಿರುವ ಫೈಲುಗಳನ್ನು ಒಂದೊಂದಾಗಿ ಕೂಡಿಸಿದರೆ ಅಷ್ಟಿಲ್ಲ. ಸುಮಾರು 90 ಎಂ.ಬಿ. ಎಲ್ಲಿಯೋ ಅಡಗಿತ್ತು. ದಿನಕ್ಕೆ 6 ಎಂ.ಬಿ. ಎಂದರೆ ಹದಿನೈದು ದಿನದ್ದು. ಕರೆಂಟು ಹೋದ ರಾತ್ರಿಯಿಂದ ಆ ಶುಕ್ರವಾರದವರೆಗೆ ಎಣಿಸಿದೆ. ಹದಿನೈದು. ನನ್ನ ಕೈ ತಣ್ಣಗಾಯಿತು.

ಆದದ್ದು ಇಷ್ಟೇ. ದಾಖಲೆಗೆಂದು ಬೇರೆಯೇ ಒಂದು ದೊಡ್ಡ ಡಿಸ್ಕು ಇತ್ತು. ಲಿನಕ್ಸಿನಲ್ಲಿ ಇಂಥ ಡಿಸ್ಕನ್ನು ಮುಖ್ಯ ಡಿಸ್ಕಿನ ಒಂದು ಖಾಲಿ ಫೋಲ್ಡರಿನ ಮೇಲೆ ತಂದು ಕೂರಿಸುತ್ತಾರೆ. ಹಳೆಯ ಮನೆಗಳ ಗೋಡೆಯಲ್ಲಿ ಗೂಡು ಇರುತ್ತಿತ್ತಲ್ಲ, ಅದರ ಮುಂದೆ ಕಪಾಟು ತಂದಿಟ್ಟ ಹಾಗೆ. ನನ್ನ ಕರ್ನಲ್ ಮಾಡ್ಯೂಲು ಯಂತ್ರ ಏಳುವಾಗಲೇ, ಕಪಾಟು ಬರುವ ಮೊದಲೇ ಏಳುತ್ತಿತ್ತು. ಅದು ನನಗೆ ಗೊತ್ತಿದ್ದರಿಂದ ಒಂದು ನಿಮಿಷ ಕಾದು ಆಮೇಲೆ ಫೈಲು ತೆರೆ ಎಂದು ಬರೆದಿದ್ದೆ. ಒಂದು ನಿಮಿಷ ಧಾರಾಳ ಸಾಕಾಗುತ್ತಿತ್ತು. ಆದರೆ ಆ ಕಾಲದ ಡಿಸ್ಕುಗಳಿಗೆ ಆರು ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ನಡೆಯುವ ಪದ್ಧತಿ. ಆ ರಾತ್ರಿ ಅದರ ಸರದಿ. ತಪಾಸಣೆಗೆ ಹತ್ತಾರು ನಿಮಿಷ ಹಿಡಿಯಿತು. ನನ್ನ ಮಾಡ್ಯೂಲು ನಿಮಿಷ ಮುಗಿದ ಕೂಡಲೇ ಕತ್ತಲ ಗೂಡಿನೊಳಗೆ ಹೊಸ ಪುಸ್ತಕ ತೆರೆದು ಬರೆಯಲು ಕೂತಿತು. ಆಮೇಲೆ ಕಪಾಟು ಬಂದು ಗೂಡು ಮುಚ್ಚಿತು. ಒಳಗೆ ಅದು ಸೆಕೆಂಡಿಗೊಂದು ಸಾಲು ಬರೆಯುತ್ತಲೇ ಇತ್ತು.

ಡಿಸ್ಕನ್ನು ಬಿಡಿಸಿದೆ. ಗೂಡಿನಲ್ಲಿ ಫೈಲು ಇತ್ತು. ಮೊದಲ ಸಾಲಿನ ಸಮಯ, ಹುಡುಗ ಯಂತ್ರ ಹಚ್ಚಿದ ಹೊತ್ತಿಗೆ ಸರಿಯಾಗಿ ಒಂದು ನಿಮಿಷದ ನಂತರದ್ದು. ಬೇರಿಂಗಿನ ಶಾಖ ಐದನೆಯ ದಿನದಿಂದ ಮೆಲ್ಲಗೆ ಏರುತ್ತ ಹೋದದ್ದೂ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ನಾನು ಊರಿಗೆ ಹೋಗುವಾಗ ಗುರುವಾರದ ನಕಲಿನ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ ಹೋಗಿದ್ದರೆ, ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು. ಅದನ್ನೂ ಮಾಡಿರಲಿಲ್ಲ.

ನಮ್ಮ ಊರ ದೇವಸ್ಥಾನದಲ್ಲಿ ನಾನು ಚಿಕ್ಕವನಿದ್ದಾಗ ನಡೆದದ್ದು ಆ ರಾತ್ರಿ ನೆನಪಾಯಿತು. ಸೇವೆಯ ರಶೀದಿ ಬರೆಯಲು ಹೊರಗೆ ಒಬ್ಬ ಗುಮಾಸ್ತ ಇದ್ದ. ಅವನಿಗೆ ಕೊಡುವ ಸಂಬಳ ದಂಡವೆಂದು, ಭಟ್ಟರೇ ರಶೀದಿ ಪುಸ್ತಕ ಒಳಗೆ ಇಟ್ಟುಕೊಂಡರು. ಬಹಳ ಸಜ್ಜನರು, ಒಂದು ಪೈಸೆ ಮುಟ್ಟುವವರಲ್ಲ. ಆದರೆ ವರ್ಷದ ಕೊನೆಗೆ ಲೆಕ್ಕ ನೋಡಲು ಬಂದವನು ಒಳಗೆ ಹೋಗುವಂತಿಲ್ಲ. ಪುಸ್ತಕ ಹೊರಗೆ ತಂದರೆ ಅಭಿಷೇಕದ ನೀರು, ದೀಪದ ಎಣ್ಣೆ ಕುಡಿದು ಅರ್ಧ ಪುಟಗಳು ಒಂದಕ್ಕೊಂದು ಅಂಟಿದ್ದವು. ಭಟ್ಟರ ಮೇಲೆ ಆಪಾದನೆ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಮತ್ತೆ ಗುಮಾಸ್ತನನ್ನು ಕರೆಸಿದರು.

ಶನಿವಾರ ಮೇಲಧಿಕಾರಿಗಳ ಮನೆಗೇ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೆಮೋ ವಾಪಸಾಯಿತು, ವಿಚಾರಣೆ ನಡೆಯಲಿಲ್ಲ. ನನ್ನ ವಾರ್ಷಿಕ ಬಡ್ತಿ ಆ ವರ್ಷ ಬರಲಿಲ್ಲ, ಅದು ನ್ಯಾಯವೇ.

ಅದೇ ಸಂಜೆ ಹುಡುಗನ ರೂಮಿಗೆ ಹೋದೆ. ಮೂವರು ಒಂದೇ ಕೋಣೆಯಲ್ಲಿ. ಮಂಚದ ಮೇಲೆ ಜಾಗ ಮಾಡಿ ಕೂರಿಸಿ ಚಹಾ ಮಾಡಿದ. ತಪ್ಪಾಯಿತು ಎಂದು ಹೇಳಲು ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ, ಅರ್ಧಕ್ಕೇ ಗಂಟಲು ಕಟ್ಟಿತು. ಅವನು, "ಹೋಯ್ಲಿ ಬಿಡಿ ಅಣ್ಣ. ಕಾಗದ ವಾಪಸ್ ಬಂತಲ್ದಾ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ಅದ್ ಅಷ್ಟ್ ದಿನ ಎಲ್ಲಿ ಕೂಕಂಡ್ ಬರೀತಿತ್ತ್?" ಎಂದು ಕೇಳಿದ. ಗೂಡು, ಕಪಾಟು, ಭಟ್ಟರು, ರಶೀದಿ, ಇದೆಲ್ಲ ನಾನು ಮೊದಲು ಹೇಳಿದ್ದು ಅವನಿಗೆ. ಅವನಿಗೆ ಅರ್ಥವಾದದ್ದರಿಂದಲೇ ನಿಮಗೂ ಹೇಳುವ ಧೈರ್ಯ ಮಾಡಿದ್ದೇನೆ.

ಆಮೇಲೆ ಎಲ್ಲವನ್ನೂ ಬದಲಿಸಿ ಬರೆದೆ. ಡ್ರೈವರಿನ ಕೆಲಸ ಕಾರ್ಡಿನಿಂದ ಓದುವುದು, ಕೇಳಿದವರಿಗೆ ಹೊಸ್ತಿಲ ಮೇಲಿಂದ ನಕಲು ಕೊಡುವುದು, ಅಷ್ಟೇ. ಹೊರಗೊಂದು ಪುಟ್ಟ ಪ್ರೋಗ್ರಾಮು ಅದನ್ನು ಪಡೆದು ಫೈಲಿಗೆ ಬರೆಯುತ್ತದೆ. ಬರೆಯುವ ಮೊದಲು ಕಪಾಟು ಬಂದಿದೆಯೇ ಎಂದು ನೋಡುತ್ತದೆ, ಬಂದಿಲ್ಲದಿದ್ದರೆ ಕೂಗಿ ಹೇಳುತ್ತದೆ. ಬರೆದದ್ದು ಮೆಮೊರಿಯಲ್ಲೇ ಉಳಿಯದೆ ಡಿಸ್ಕಿಗೆ ಮುಟ್ಟುವಂತೆ ಆಗಾಗ ಒತ್ತಾಯಿಸುತ್ತದೆ, ಇಲ್ಲವಾದರೆ ಕರೆಂಟು ಹೋದಾಗ ಕೊನೆಯ ಅರ್ಧ ನಿಮಿಷದ್ದು ಹೋಗಬಹುದು. ಅದು ತಪ್ಪಿದರೆ ನಿಲ್ಲಿಸಿ ತಿದ್ದಬಹುದು, ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಹೊರಗಿನ ಪ್ರೋಗ್ರಾಮೂ ಗೂಡಿಗೆ ಬರೆಯಬಾರದೆಂದಿಲ್ಲ. ಬರೆದರೆ ಸಿಕ್ಕಿಬೀಳುತ್ತದೆ ಎಂಬುದಷ್ಟೇ ವ್ಯತ್ಯಾಸ. ಇಂಥ ಸರಳ ಕಾರ್ಡುಗಳಿಗೆಂದೇ 2007ರಿಂದ ಕರ್ನಲ್ಲಿನಲ್ಲಿ ಯುಐಓ ಎಂಬ ಸಿದ್ಧ ಏರ್ಪಾಡೂ ಇತ್ತು. ಹುಡುಕಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಈ ದ್ವೀಪದ ಹಳಬರಿಗೆ ಇದು ಬೇರೆ ರೀತಿಯಲ್ಲಿ ಗೊತ್ತಿತ್ತೆಂದು ಮುಹರ್ರಕ್‌ನಲ್ಲಿ ಮುತ್ತಿನ ವ್ಯಾಪಾರದ ಹಳೆಯ ಮನೆಗಳನ್ನು ನೋಡುವಾಗ ಅನಿಸಿತು. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗವದು. ಮುತ್ತಿನ ದೋಣಿಯಲ್ಲಿ ಮುಳುಗುವವನು ಒಬ್ಬ, ಮೇಲೆ ಹಗ್ಗ ಹಿಡಿದು ಎಳೆಯುವವನು ಇನ್ನೊಬ್ಬ. ಚಿಪ್ಪು ಒಡೆಯುವುದು ನೀರಿನಡಿ ಅಲ್ಲ, ದೋಣಿಯ ಮೇಲೆ, ನಾಖುದನ ಕಣ್ಣೆದುರಿಗೆ.

ಸೆಟ್‌ಎಫ್‌ಎಸ್ ಎಂಬ ಆ ಕಣ್ಣಿಗೆ ಬಟ್ಟೆ ಕಟ್ಟುವ ವಿದ್ಯೆಯನ್ನು 2020ರ 5.10 ಆವೃತ್ತಿಯಲ್ಲಿ ನಮ್ಮ ನಿಮ್ಮ ಮನೆಯ ಇಂಟೆಲ್ ಕಂಪ್ಯೂಟರುಗಳಿಗೆ ತೆಗೆದುಹಾಕಿದರು, 2022ರ 5.18ರಲ್ಲಿ ಪೂರ್ತಿ ಹೋಯಿತು. ಕರ್ನಲ್ಲು ತನ್ನದೇ ಕೆಲವು ಅಗತ್ಯಗಳಿಗೆ ಈಗಲೂ ಫೈಲು ಬರೆಯುತ್ತದೆ, ಆದರೆ ಅದಕ್ಕೆ ಬೇರೆ ಅಚ್ಚುಕಟ್ಟಾದ ದಾರಿಯಿದೆ. ನನ್ನ ಹಳೆಯ ಮಾಡ್ಯೂಲನ್ನು ಈಗಿನ ಯಂತ್ರದಲ್ಲಿ ಕಟ್ಟಲು ಹೋದರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ವಾಪಸು ಬರುತ್ತದೆ.

ಹುಡುಗ ಈಗ ಹುಡುಗನಲ್ಲ, ಎರಡು ಮಕ್ಕಳ ತಂದೆ, ಬೇರೆ ಕಡೆ ಒಳ್ಳೆಯ ಕೆಲಸದಲ್ಲಿದ್ದಾನೆ. ಹೋದ ವರ್ಷದ ಸತ್ಯನಾರಾಯಣ ಪೂಜೆಯ ದಿನ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ರಶೀದಿ ಬರೆಯಲು ಕೂತಿದ್ದ. ನಾನು ಐದು ದಿನಾರ್ ಕೊಟ್ಟು ಒಳಗೆ ನಡೆದೆ. ಹಿಂದಿನಿಂದ ಕೂಗಿದ:

"ಹ್ವಾಯ್ ಅಣ್ಣ, ರಶೀದಿ ಬಿಟ್ಟ್ ಹೋಯ್ತ್ರಲೆ!"